ತಪಸ್ಸುಕಾಲ, ಒಪ್ಪತ್ತು ಮತ್ತು ಅಜ್ಜಿಯ ಡಬ್ಬ

ಕಳೆದ ವರ್ಷದ ಮಾರ್ಚಿನಲ್ಲಿ ನಡೆದದ್ದು. ನಮ್ಮ ಟೀಮಿನ ರಿಲೀಸು ಹೇಗೋ ಏನೋ ಮುಗಿದು, ಮ್ಯಾನೇಜರು ಖುಷಿಯಾಗಿ ಎಲ್ಲರಿಗೂ ಊಟ ಕೊಡಿಸಿದರು. ದಿನ ಶುಕ್ರವಾರ. ಹೋಟೆಲಿನಲ್ಲಿ ಎಲ್ಲರೂ ಮಟನ್ ಬಿರಿಯಾನಿ ಹೇಳಿದರು. ನಾನು ಮಾತ್ರ "ನನಗೆ ಬೇಡ, ನಮಗೀಗ ತಪಸ್ಸುಕಾಲ, ಶುಕ್ರವಾರ ಮಾಂಸ ತಿನ್ನಲ್ಲ" ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ ಅನ್ನಿ. ಮೀನಿಗೆ ಅಡ್ಡಿ ಇಲ್ಲವಲ್ಲ ಅಂತ ಒಂದು ಅಂಜಲ್ ತವಾ ಫ್ರೈ ತರಿಸಿಕೊಂಡೆ. ಬಿಲ್ಲು ಬಂದಾಗ ನೋಡಿದರೆ ನನ್ನ ಉಪವಾಸದ ತಟ್ಟೆ ಪಕ್ಕದವರ ಎರಡು ಬಿರಿಯಾನಿಗಿಂತ ದುಬಾರಿ!

ಪಕ್ಕದಲ್ಲಿದ್ದ ಗೆಳೆಯ ಬಿಲ್ಲು ನೋಡಿ "ಲೋ, ಇದು ಉಪವಾಸಾನಾ ಪ್ರಮೋಷನ್ನಾ?" ಅಂದ. ಆಮೇಲೆ ಅವನೇ "ಬಿಡೋ, ನಮ್ಮನೇಲೂ ಏಕಾದಶಿ ಅಂದ್ರೆ ಅನ್ನ ಒಂದು ಬಿಟ್ಟು ಉಪ್ಪಿಟ್ಟು, ಅವಲಕ್ಕಿ, ಸಬ್ಬಕ್ಕಿ ಪಾಯಸ ಎಲ್ಲಾ ಇರತ್ತೆ" ಅಂತ ಸಮಾಧಾನ ಮಾಡಿದ. ಎಲ್ಲರೂ ನಕ್ಕೆವು. ಆದರೆ ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ರಾತ್ರಿ ರೂಮಿಗೆ ಬಂದವನು ಈ ಉಪವಾಸ ಎಲ್ಲಿಂದ ಶುರುವಾಯಿತು, ಅಂಜಲ್ ಫ್ರೈ ತನಕ ಹೇಗೆ ಬಂತು ಅಂತ ಓದುತ್ತಾ ಕೂತೆ. ಒಂದು ವರ್ಷದಿಂದ ಆಗಾಗ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕ್ಷಮೆ ಇರಲಿ :-)

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ಲೆಂಟ್ ಅನ್ನುವುದನ್ನು ಕನ್ನಡದ ಕಥೋಲಿಕರು ತಪಸ್ಸುಕಾಲ ಅನ್ನುತ್ತಾರೆ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದರಿಂದ ಇದರ ಆರಂಭ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಆ ಬೂದಿ ಮಾಡುತ್ತಾರೆ. ಅಲ್ಲಿಂದ ಪಾಸ್ಕ ಹಬ್ಬದವರೆಗೆ, ಅಂದರೆ ಈಸ್ಟರ್ ತನಕ, ಪ್ರಾರ್ಥನೆ, ಉಪವಾಸ, ದಾನ. ಯೇಸು ಮರಳುಗಾಡಿನಲ್ಲಿ ನಲವತ್ತು ದಿನ ಉಪವಾಸವಿದ್ದದ್ದರ ನೆನಪಿಗೆ ಇದೂ ನಲವತ್ತು ದಿನ. ಲೆಂಟ್ ಅನ್ನೋ ಪದಕ್ಕೂ ಉಪವಾಸಕ್ಕೂ ಸಂಬಂಧವೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ವಸಂತ. ನಮ್ಮ ತಪಸ್ಸುಕಾಲ ಅನ್ನುವುದೇ ಹೆಚ್ಚು ಸರಿಯಾದ ಹೆಸರು ಅಂತ ನನಗನ್ನಿಸುತ್ತೆ.

ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿ ಉಪವಾಸ ಅನ್ನುತ್ತಿರಲಿಲ್ಲ. "ಇವತ್ತು ನಂಗೆ ಒಪ್ಪತ್ತು" ಅನ್ನುತ್ತಿದ್ದಳು. ದಿನಕ್ಕೆ ಒಂದೇ ಹೊತ್ತು ಊಟ. ಓದಿದ ಮೇಲೆ ಗೊತ್ತಾಗಿದ್ದು.. ಶತಮಾನಗಳ ಕಾಲ ಕ್ರೈಸ್ತರ ತಪಸ್ಸುಕಾಲದ ಉಪವಾಸ ಅಂದರೆ ಅಕ್ಷರಶಃ ಅದೇ. ಏನೂ ತಿನ್ನದೆ ಇರುವುದಲ್ಲ, ದಿನಕ್ಕೊಂದೇ ಊಟ, ಅದೂ ಸೂರ್ಯ ಮುಳುಗಿದ ಮೇಲೆ.

*

ಮೊದಲು ಈ ನಲವತ್ತು ದಿನ ಇರಲೇ ಇಲ್ಲ. ತೀರಾ ಹಳೆಯ ಕ್ರೈಸ್ತರು ವಾರದಲ್ಲಿ ಎರಡು ದಿನ, ಬುಧವಾರ ಮತ್ತು ಶುಕ್ರವಾರ, ಉಪವಾಸ ಮಾಡುತ್ತಿದ್ದರು. ಯೆಹೂದ್ಯರಲ್ಲಿ ಸೋಮವಾರ ಗುರುವಾರದ ರೂಢಿ ಇತ್ತು, ಅವರಿಂದ ಬೇರೆಯಾಗಿ ಕಾಣಬೇಕಿತ್ತು. ಈಸ್ಟರಿಗೆ ಮುಂಚಿನ ಉಪವಾಸ ಎಷ್ಟು ಅನ್ನುವುದರಲ್ಲಿ ಒಮ್ಮತವಿರಲಿಲ್ಲ. 190ರ ಸುಮಾರಿಗೆ ಲಿಯೋನ್ಸಿನ ಬಿಷಪ್ ಐರೇನಿಯಸ್ ಬರೆದ ಪತ್ರದಲ್ಲಿ ಒಬ್ಬರು ಒಂದು ದಿನ, ಇನ್ನೊಬ್ಬರು ಎರಡು ದಿನ, ಕೆಲವರು ನಲವತ್ತು ಗಂಟೆ ಮಾಡುತ್ತಾರೆ ಅಂತಿದೆ. ಇದರಿಂದ ನಮ್ಮ ಒಗ್ಗಟ್ಟಿಗೇನೂ ಧಕ್ಕೆ ಇಲ್ಲ ಅನ್ನುವುದು ಅವನ ವಾದ.

325ರ ನೈಸಿಯಾ ಸಭೆಯ ಐದನೇ ನಿಯಮದಲ್ಲಿ ಈ ನಲವತ್ತರ ಪ್ರಸ್ತಾಪ ಬರುತ್ತದೆ. ಆಮೇಲಿನ ಹದಿನೈದು ವರ್ಷಗಳಲ್ಲಿ ಅದು ಎಲ್ಲೆಡೆ ಹರಡಿತು. ಈಜಿಪ್ಟಿನ ಅಥನಾಸಿಯಸ್ ಅನ್ನೋ ಬಿಷಪ್ 340ರ ಸುಮಾರಿಗೆ ದೇಶಭ್ರಷ್ಟನಾಗಿ ರೋಮಿನಲ್ಲಿದ್ದ. ಅಲ್ಲಿಂದ ಊರಿಗೆ ಪತ್ರ ಬರೆದು, ಲೋಕವೆಲ್ಲಾ ನಲವತ್ತು ದಿನ ಉಪವಾಸ ಮಾಡುವಾಗ ನಾವು ಈಜಿಪ್ಟಿನವರು ಮಾಡದೆ ನಗೆಪಾಟಲಾಗಬಾರದು ಅಂತ ಒತ್ತಾಯಿಸಿದ. ನಾಲ್ಕು ಜನ ಏನಂದಾರು ಅನ್ನೋ ಚಿಂತೆ ಆಗಲೂ ಇತ್ತು ನೋಡಿ!

ಲೆಕ್ಕದ ತಮಾಷೆ ಇನ್ನೊಂದಿದೆ. ಭಾನುವಾರ ಹಬ್ಬದ ದಿನ, ಉಪವಾಸ ಕೂಡದು. ಹಾಗಾಗಿ ಆರು ವಾರ ಅಂದರೆ ಉಪವಾಸದ ದಿನಗಳು 36 ಮಾತ್ರ. ಪೋಪ್ ಮಹಾ ಗ್ರೆಗೊರಿ (604ರಲ್ಲಿ ತೀರಿಕೊಂಡವರು) ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟರು: ವರ್ಷದಲ್ಲಿ ಹತ್ತನೇ ಒಂದು ಪಾಲು ದೇವರಿಗೆ. ಆದರೂ ನಲವತ್ತಕ್ಕೆ ನಾಲ್ಕು ಕಮ್ಮಿ ಆಗುತ್ತಿತ್ತಲ್ಲ, ಮುಂದೆ ನಾಲ್ಕು ದಿನ ಹಿಂದಕ್ಕೆ ಸೇರಿಸಿದರು. ಅದಕ್ಕೇ ಬೂದಿ ಬುಧವಾರ ಬುಧವಾರ ಬರುವುದು, ಈಸ್ಟರಿಗೆ ಸರಿಯಾಗಿ 46 ದಿನ ಮುಂಚೆ.

*

ಇಷ್ಟು ಓದುವಾಗ ಸಿಕ್ಕಿದ ಒಂದು ಪುಟ ನನ್ನನ್ನು ತುಂಬಾ ಹೊತ್ತು ಹಿಡಿದು ಕೂರಿಸಿತು. ಎರಡನೇ ಶತಮಾನದಲ್ಲಿ ರೋಮಿನಲ್ಲಿ ಬರೆದ 'ಹರ್ಮಾಸನ ಕುರುಬ' ಅನ್ನುವ ಪುಸ್ತಕವಿದೆ. ಆಗಿನ ಕ್ರೈಸ್ತರು ಬಹಳ ಮೆಚ್ಚಿ ಓದುತ್ತಿದ್ದ ಪುಸ್ತಕ. ಅದರಲ್ಲಿ ಉಪವಾಸ ಮಾಡುವ ಕ್ರಮ ಹೇಳಿದ್ದಾರೆ. ಆ ದಿನ ರೊಟ್ಟಿ ನೀರು ಬಿಟ್ಟು ಬೇರೇನೂ ಮುಟ್ಟಬೇಡ. ಆಮೇಲೆ ಕೂತು, ಇವತ್ತು ಊಟ ಮಾಡಿದ್ದರೆ ಎಷ್ಟು ಖರ್ಚಾಗುತ್ತಿತ್ತು ಅಂತ ಲೆಕ್ಕ ಹಾಕು. ಅಷ್ಟನ್ನು ಒಬ್ಬ ವಿಧವೆಗೋ ಅನಾಥನಿಗೋ ಇಲ್ಲದವರಿಗೋ ಕೊಡು. ಇಷ್ಟೇ.

ಅದೇ ಶತಮಾನದ ಅಥೆನ್ಸಿನ ಅರಿಸ್ಟೈಡಿಸ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಬರೆಯುವಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಇವರಲ್ಲಿ ಯಾರಾದರೂ ಬಡವರಿದ್ದು, ಕೊಡಲು ತಮ್ಮ ಬಳಿ ಹೆಚ್ಚಿಗೆ ಇಲ್ಲದಿದ್ದರೆ, ಎರಡು ಮೂರು ದಿನ ತಾವೇ ಉಪವಾಸವಿದ್ದು ಆ ಊಟವನ್ನು ಅವನಿಗೆ ಕೊಡುತ್ತಾರೆ ಅನ್ನುತ್ತಾನೆ. ಐದನೇ ಶತಮಾನದ ಪೋಪ್ ಮಹಾ ಲಿಯೋ ತಪಸ್ಸುಕಾಲದ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಹೇಳುವುದೂ ಇದನ್ನೇ. ನೀನು ಬಿಟ್ಟ ಊಟ ಹಸಿದವನ ಹೊಟ್ಟೆ ಸೇರಬೇಕು.

ಇದನ್ನು ಓದಿದಾಗ ನನಗೆ ಥಟ್ಟಂತ ನೆನಪಾದದ್ದು ಅಜ್ಜಿಯ ಡಬ್ಬ. ತಪಸ್ಸುಕಾಲ ಬಂತೆಂದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಹಳೇ ಡಾಲ್ಡಾ ಡಬ್ಬ ಪ್ರತ್ಯಕ್ಷವಾಗುತ್ತಿತ್ತು. ಒಪ್ಪತ್ತಿನ ದಿನ, ರಾತ್ರಿ ಎಲ್ಲರಿಗೂ ಅಕ್ಕಿ ಅಳೆದು ಹಾಕುವಾಗ ತನ್ನ ಪಾಲಿನದನ್ನು ಅಳೆದು ಆ ಡಬ್ಬಕ್ಕೆ ಸುರಿಯುತ್ತಿದ್ದಳು. ಪವಿತ್ರ ವಾರ ಬಂದಾಗ ಡಬ್ಬ ತುಂಬಿರುತ್ತಿತ್ತು. ಊರಾಚೆ ಒಬ್ಬಳು ಗಂಡ ಸತ್ತ ಹೆಂಗಸು, ಎರಡು ಮಕ್ಕಳು. ಆ ಮನೆಗೆ ಸಂಜೆ ಕತ್ತಲಾದ ಮೇಲೆ ಕೊಟ್ಟು ಬರುತ್ತಿದ್ದಳು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. "ಅಜ್ಜಿ, ನೀನು ತಿನ್ನೋ ಅಕ್ಕಿ ಯಾಕೆ ಕೊಡ್ತೀಯ, ಮೂಟೇಲಿರೋದನ್ನ ಕೊಡು" ಅಂದಿದ್ದಕ್ಕೆ "ಮೂಟೇಲಿರೋದು ನಮ್ಮದು ಕಣೋ. ನಾನು ಉಣ್ಣದೆ ಬಿಟ್ಟಿದ್ದು ನಮ್ಮದಲ್ಲ" ಅಂದಿದ್ದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಹರ್ಮಾಸನ ಹೆಸರು ಖಂಡಿತ ಕೇಳಿರಲಿಲ್ಲ.

*

ಇನ್ನು ನಿಯಮದ ಕಥೆ. ಪ್ರೋಗ್ರಾಮರುಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಿಯಮ ಒಂದು ಇದ್ದ ಮೇಲೆ ಅದಕ್ಕೊಂದು ಸಂದು ಹುಡುಕುವವರು ಇದ್ದೇ ಇರುತ್ತಾರೆ.

ಮೊದಲು ಸರಿದದ್ದು ಗಡಿಯಾರ. ಸೂರ್ಯಾಸ್ತದ ಊಟ ನಿಧಾನಕ್ಕೆ ಮಧ್ಯಾಹ್ನ ಮೂರಕ್ಕೆ ಬಂತು. ರೋಮನ್ನರ ಲೆಕ್ಕದಲ್ಲಿ ಅದು ದಿನದ ಒಂಬತ್ತನೇ ಗಂಟೆ, ಲ್ಯಾಟಿನ್ನಿನಲ್ಲಿ ನೋನಾ. ಆ ಹೊತ್ತಿನ ಪ್ರಾರ್ಥನೆ ಮುಗಿಸಿ ಊಟ ಮಾಡಬಹುದಿತ್ತು. ಹೊಟ್ಟೆ ಹಸಿದ ಸನ್ಯಾಸಿಗಳು ಪ್ರಾರ್ಥನೆಯನ್ನೇ ಬೇಗ ಬೇಗ ಮಾಡಿ ಮುಗಿಸತೊಡಗಿದರು. ಹದಿನಾಲ್ಕನೇ ಶತಮಾನದ ಹೊತ್ತಿಗೆ ಒಂಬತ್ತನೇ ಗಂಟೆಯ ಪ್ರಾರ್ಥನೆ ನಡುಮಧ್ಯಾಹ್ನಕ್ಕೇ ಬಂದು ಕೂತಿತ್ತು. ಇಂಗ್ಲಿಷಿನಲ್ಲಿ ಹನ್ನೆರಡು ಗಂಟೆಗೆ 'ನೂನ್' ಅನ್ನುತ್ತೇವಲ್ಲ, ಅದು ಇದೇ ನೋನಾ! ಮೂರು ಗಂಟೆಯನ್ನು ಹನ್ನೆರಡಕ್ಕೆ ಎಳೆದು ತಂದದ್ದರಲ್ಲಿ ಹಸಿವಿನ ಪಾಲು ದೊಡ್ಡದು.

ಮಧ್ಯಾಹ್ನವೇ ಊಟ ಮುಗಿದರೆ ರಾತ್ರಿ ಹಸಿವಾಗುತ್ತದೆ. ಮಠಗಳಲ್ಲಿ ರಾತ್ರಿ ಮಲಗುವ ಮುಂಚೆ ಕಾಸಿಯನ್ ಬರೆದ 'ಕೊಲಾಸಿಯೋನೆಸ್' ಅನ್ನೋ ಪುಸ್ತಕ ಓದಿಸುತ್ತಿದ್ದರು. ಆಗ ಒಂದು ಲೋಟ ಏನಾದರೂ ಕುಡಿಯಬಹುದು ಅಂತಾಯಿತು. ಬರೀ ಹೊಟ್ಟೆಗೆ ಕುಡಿದರೆ ತೊಂದರೆ, ಜೊತೆಗೆ ಒಂದು ತುಂಡು ರೊಟ್ಟಿ ಇರಲಿ ಅಂತಾಯಿತು. ಪುಸ್ತಕದ ಹೆಸರೇ ಆ ತಿಂಡಿಗೂ ನಿಂತು, ಇಂಗ್ಲಿಷಿನಲ್ಲಿ ಇವತ್ತಿಗೂ ಲಘು ಉಪಾಹಾರಕ್ಕೆ 'ಕೊಲೇಷನ್' ಅನ್ನೋ ಪದ ಇದೆ.

ಈ ಗಡಿಯಾರದ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಚಾರ್ಲ್‌ಮೇನ್ ಚಕ್ರವರ್ತಿಯದು. ಅವನು ಸತ್ತು ಎಪ್ಪತ್ತು ವರ್ಷದ ಮೇಲೆ ನೋಟ್ಕರ್ ಅನ್ನೋ ಸನ್ಯಾಸಿ ಬರೆದಿಟ್ಟದ್ದು, ಹಾಗಾಗಿ ಇತಿಹಾಸ ಎಷ್ಟು ಕಥೆ ಎಷ್ಟು ನೀವೇ ನೋಡಿಕೊಳ್ಳಿ. ತಪಸ್ಸುಕಾಲದಲ್ಲಿ ಚಕ್ರವರ್ತಿ ಮಧ್ಯಾಹ್ನ ಎರಡು ಗಂಟೆಗೇ ಊಟಕ್ಕೆ ಕೂರುತ್ತಿದ್ದನಂತೆ. ಅರಮನೆಗೆ ಬಂದ ಒಬ್ಬ ಬಿಷಪ್ ಇದು ತಪ್ಪು ಅಂತ ಆಕ್ಷೇಪಿಸಿದ. ಚಕ್ರವರ್ತಿ ಸಿಟ್ಟಾಗಲಿಲ್ಲ. "ಸರಿ, ನೀವು ನನ್ನ ಅರಮನೆಯ ಕಟ್ಟಕಡೆಯ ಆಳು ಉಂಡ ಮೇಲೆ ಊಟ ಮಾಡಿ" ಅನ್ನೋ ಅರ್ಥದಲ್ಲಿ ಅಪ್ಪಣೆ ಮಾಡಿದ. ಚಕ್ರವರ್ತಿಗೆ ಬಡಿಸುವವರು ದೊರೆಗಳು. ಅವನ ಊಟವಾದ ಮೇಲೆ ಅವರ ಊಟ. ಅವರಿಗೆ ಬಡಿಸಿದವರು ಆಮೇಲೆ. ಅವರಿಗೆ ಬಡಿಸಿದವರು ಇನ್ನೂ ಆಮೇಲೆ. ಹೀಗೇ ಇಳಿಯುತ್ತಾ ಇಳಿಯುತ್ತಾ ಕೊನೆಯ ಆಳಿನ ಕೈಗೆ ತಟ್ಟೆ ಬರುವಾಗ ನಡುರಾತ್ರಿ. ಕೆಲವು ದಿನ ಹೀಗೆ ಕಳೆದ ಮೇಲೆ ಚಕ್ರವರ್ತಿ ಬಿಷಪ್ಪನಿಗೆ ವಿವರಿಸಿದನಂತೆ, ನಾನು ಬೇಗ ಉಣ್ಣುವುದು ಇವರಿಗೋಸ್ಕರ ಅಂತ.

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರು ಊಟಕ್ಕೆ ಕೂರುವುದು ಮೂರೂವರೆಗೆ. ಈ ಕಥೆ ಓದುವ ತನಕ ನಾನದನ್ನು ಗಮನಿಸಿರಲೇ ಇಲ್ಲ.

*

ಗಡಿಯಾರದ ನಂತರ ತಟ್ಟೆ. ಏನು ತಿನ್ನಬಹುದು ಅನ್ನುವುದರಲ್ಲೂ ಊರಿಗೊಂದು ಪದ್ಧತಿ. ಐದನೇ ಶತಮಾನದ ಇತಿಹಾಸಕಾರ ಸಾಕ್ರಟೀಸ್ (ವಿಷ ಕುಡಿದವನಲ್ಲ, ಇವನು ಕಾನ್‌ಸ್ಟಾಂಟಿನೋಪಲಿನವನು) ಒಂದು ಪಟ್ಟಿಯನ್ನೇ ಕೊಡುತ್ತಾನೆ. ಕೆಲವರು ಜೀವವಿರುವ ಏನನ್ನೂ ತಿನ್ನುವುದಿಲ್ಲ. ಕೆಲವರು ಮೀನು ಮಾತ್ರ ತಿನ್ನುತ್ತಾರೆ. ಕೆಲವರು ಮೀನಿನ ಜೊತೆ ಹಕ್ಕಿಯನ್ನೂ ತಿನ್ನುತ್ತಾರೆ. ಯಾಕೆಂದರೆ ಆದಿಕಾಂಡದ ಪ್ರಕಾರ ಹಕ್ಕಿಗಳೂ ನೀರಿನಿಂದಲೇ ಹುಟ್ಟಿದವಂತೆ! ಇನ್ನು ಕೆಲವರಿಗೆ ಒಣರೊಟ್ಟಿ ಮಾತ್ರ.

ಮಧ್ಯಯುಗದ ಪಶ್ಚಿಮ ಯೂರೋಪಿನಲ್ಲಿ ಮಾಂಸದ ಜೊತೆ ಹಾಲು, ಬೆಣ್ಣೆ, ಮೊಟ್ಟೆಗೂ ನಿಷೇಧವಿತ್ತು. ಇಟಲಿಯವರಿಗೆ ಆಲಿವ್ ಎಣ್ಣೆ ಇತ್ತು, ಕಷ್ಟವಾಗಲಿಲ್ಲ. ಆಲಿವ್ ಬೆಳೆಯದ ಉತ್ತರದ ಚಳಿ ದೇಶಗಳಲ್ಲಿ ಬೆಣ್ಣೆ ಇಲ್ಲದೆ ಅಡುಗೆಯೇ ಇಲ್ಲ. ಆಗ ಬಂದದ್ದು ಅನುಮತಿಯ ವ್ಯಾಪಾರ. ದುಡ್ಡು ಕೊಟ್ಟರೆ ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಅಪ್ಪಣೆ. ಫ್ರಾನ್ಸಿನ ರೂಆನ್ ನಗರದ ಕೆಥೆಡ್ರಲಿಗೆ 1485ರಲ್ಲಿ ಶುರುಮಾಡಿ ಕಟ್ಟಿದ ಗೋಪುರವೊಂದಿದೆ. ಅದರ ಖರ್ಚಿಗೆ ಈ ಹಣ ಹೋಯಿತು. ಇವತ್ತಿಗೂ ಅದರ ಹೆಸರು ಬೆಣ್ಣೆ ಗೋಪುರ. ಹರ್ಮಾಸನ ಲೆಕ್ಕ ಹೇಗೆ ತಿರುಗುಮುರುಗಾಯಿತು ನೋಡಿ. ಅಲ್ಲಿ ತಿನ್ನದೆ ಬಿಟ್ಟದ್ದಕ್ಕೆ ದುಡ್ಡು, ವಿಧವೆಗೆ. ಇಲ್ಲಿ ತಿನ್ನುವುದಕ್ಕೆ ದುಡ್ಡು, ಗೋಪುರಕ್ಕೆ. ಮಾರ್ಟಿನ್ ಲೂಥರ್ 1520ರಲ್ಲಿ ಈ ಬೆಣ್ಣೆ ಚೀಟಿಗಳ ಮೇಲೆ ಹರಿಹಾಯ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ಎರಡು ವರ್ಷ ಕಳೆದು, 1522ರ ತಪಸ್ಸುಕಾಲದ ಮೊದಲ ಭಾನುವಾರ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ಘಟನೆ ನಡೆಯಿತು. ನಾನು ಓದಿದ ಅತ್ಯಂತ 'ಸಾಫ್ಟ್‌ವೇರ್' ಘಟನೆ ಇದು. ಕ್ರಿಸ್ಟೊಫ್ ಫ್ರೋಶವರ್ ಅನ್ನೋ ಮುದ್ರಕ. ಫ್ರಾಂಕ್‌ಫರ್ಟಿನ ಪುಸ್ತಕ ಸಂತೆಗೆ ಪುಸ್ತಕ ಮುಗಿಸಿಕೊಡಬೇಕು, ಕೆಲಸಗಾರರು ಹಗಲೂ ರಾತ್ರಿ ದುಡಿಯುತ್ತಿದ್ದಾರೆ. ಅವನ ಮನೆಯಲ್ಲಿ ಎರಡು ಒಣ ಸಾಸೇಜುಗಳನ್ನು ಚಿಕ್ಕ ಚಿಕ್ಕ ಚೂರು ಮಾಡಿ ಹಂಚಿಕೊಂಡು ತಿಂದರು. ಊರಿನ ದೊಡ್ಡ ಚರ್ಚಿನ ಗುರು ಉಲ್ರಿಚ್ ಜ್ವಿಂಗ್ಲಿ ಅಲ್ಲೇ ಇದ್ದ, ತಿನ್ನಲಿಲ್ಲ, ತಡೆಯಲೂ ಇಲ್ಲ. ವಿಷಯ ಊರೆಲ್ಲಾ ಹಬ್ಬಿ ವಿಚಾರಣೆಯಾಯಿತು. ಫ್ರೋಶವರ್ ಹೇಳಿದ್ದರ ಸಾರಾಂಶ: ಡೆಡ್‌ಲೈನ್ ಇದೆ ಸ್ವಾಮಿ, ಬರೀ ಗಂಜಿ ಕುಡಿದು ಇಷ್ಟು ಕೆಲಸ ಆಗಲ್ಲ, ಮೀನು ಕೊಳ್ಳುವ ಶಕ್ತಿ ನನಗಿಲ್ಲ.

ಕೆಲವು ದಿನಗಳಲ್ಲೇ ಜ್ವಿಂಗ್ಲಿ ಈ ಬಗ್ಗೆ ಪ್ರಸಂಗ ಮಾಡಿ ಅದನ್ನು ಅಚ್ಚು ಹಾಕಿಸಿದ. ಉಪವಾಸ ಬೇಕಾದವರು ಮಾಡಲಿ, ಆದರೆ ಯಾರನ್ನೂ ಕಟ್ಟಿಹಾಕಬೇಡಿ ಅನ್ನುವುದು ಅದರ ಹೂರಣ. ಸ್ವಿಟ್ಜರ್ಲೆಂಡಿನ ಧರ್ಮಸುಧಾರಣೆ ಶುರುವಾದದ್ದೇ ಆ ಸಾಸೇಜಿನಿಂದ ಅನ್ನುತ್ತಾರೆ. ನನ್ನನ್ನು ತಟ್ಟಿದ್ದು ಮಾತ್ರ ಮೀನಿನ ಬೆಲೆಯ ಮಾತು. ಐನೂರು ವರ್ಷದ ಹಿಂದೆಯೇ ಅಂಜಲ್ ಫ್ರೈ ಉಪವಾಸ ಉಳ್ಳವರದ್ದಾಗಿತ್ತು.

ಇಂಗ್ಲೆಂಡಿನದು ಇನ್ನೂ ವಿಚಿತ್ರ. ಪೋಪರನ್ನು ಬಿಟ್ಟ ಮೇಲೂ ಮೀನಿನ ದಿನಗಳನ್ನು ಬಿಡಲಿಲ್ಲ. 1563ರಲ್ಲಿ ಎಲಿಜಬೆತ್ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಬುಧವಾರವನ್ನೂ ಮೀನಿನ ದಿನವಾಗಿ ಸೇರಿಸಿದ. ಕಾರಣ ಭಕ್ತಿ ಅಲ್ಲ. ಮೀನುಗಾರರು ಹೆಚ್ಚಿದರೆ ಹಡಗು ಹೆಚ್ಚುತ್ತವೆ, ನೌಕಾಪಡೆಗೆ ನಾವಿಕರು ಸಿಗುತ್ತಾರೆ. ಇದು ಮೋಕ್ಷಕ್ಕೋಸ್ಕರ ಅಂತ ಯಾರಾದರೂ ಬೋಧಿಸಿದರೆ ಅವರಿಗೇ ಶಿಕ್ಷೆ ಅಂತ ಕಾಯಿದೆಯಲ್ಲೇ ಬರೆದಿದ್ದರು!

*

ನಮ್ಮ ಕಡೆಗೆ ಬಂದರೆ ಈ ಮಾಂಸದ ನಿಯಮ ಬೇರೆಯೇ ಬಣ್ಣ ಪಡೆಯುತ್ತದೆ. 1649ರಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದರು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಈ ಗುರುಗಳು ಇಲ್ಲಿನ ಸನ್ಯಾಸಿಗಳ ಹಾಗೆ ಬಟ್ಟೆ ತೊಟ್ಟು ಮಾಂಸ ಬಿಟ್ಟು ಬದುಕಿದರು. ನಲವತ್ತು ದಿನಕ್ಕಲ್ಲ, ವರ್ಷಪೂರ್ತಿ. ಪಕ್ಕದ ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಐವತ್ತು ದಿನದ 'ನೋಯಂಬು' ಇದೆ (ನಮ್ಮ ಹಳೆಗನ್ನಡದ ನೋಂಪಿಯ ನೆಂಟ ಪದ). ಸಂಪ್ರದಾಯದಂತೆ ಮಾಡುವವರು ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಬಿಡುತ್ತಾರೆ.

ಆದರೆ ನನ್ನ ಅಜ್ಜಿಯಂಥವರಿಗೆ ಮಾಂಸ ಬಿಡುವುದು ಒಂದು ವಿಷಯವೇ ಆಗಿರಲಿಲ್ಲ. ಹಬ್ಬಕ್ಕೊಮ್ಮೆ ಕೋಳಿ ಕಾಣುತ್ತಿದ್ದ ಮನೆ ಅದು. ಅವಳ ಬಳಿ ಬಿಡುವುದಕ್ಕೆ ಇದ್ದದ್ದು ರಾತ್ರಿಯ ಅನ್ನ ಒಂದೇ.

1966ರ ಫೆಬ್ರವರಿ 17ರಂದು ಪೋಪ್ ಆರನೇ ಪೌಲರು ಹಳೆಯ ನಿಯಮಗಳನ್ನು ಸಡಿಲಿಸಿದರು. ಕಡ್ಡಾಯ ಉಪವಾಸ ಈಗ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ತಿಂಡಿ. ಆಯಾ ದೇಶದ ಬಿಷಪ್ಪರು ಬೇಕಾದರೆ ಇದರ ಬದಲು ಪ್ರಾರ್ಥನೆ, ದಾನಧರ್ಮಗಳನ್ನು ಗೊತ್ತುಮಾಡಬಹುದು. ಪುಣ್ಯಕಾಲದ ಗತ್ತೇ ಹೋಯಿತು ಅಂತ ಗೊಣಗುವ ಹಿರಿಯರು ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾಕೆಂದರೆ ನಿಯಮ ಕರಗುತ್ತಿದ್ದ ಅದೇ ಕಾಲಕ್ಕೆ ಹಳೆಯ ಲೆಕ್ಕ ಮತ್ತೆ ಹುಟ್ಟಿಕೊಂಡಿತು. 1960ರಲ್ಲಿ ಇಂಗ್ಲೆಂಡಿನ ಕಥೋಲಿಕ ಹೆಂಗಸರು ಒಂದು ಶುಕ್ರವಾರ ಮನೆಮಂದಿಯೆಲ್ಲಾ ಊಟ ಕಡಿಮೆ ಮಾಡಿ, ಉಳಿದ ದುಡ್ಡನ್ನು ಡೊಮಿನಿಕಾ ದ್ವೀಪದ ತಾಯಿ-ಮಕ್ಕಳ ಆಸ್ಪತ್ರೆಗೆ ಕಳಿಸಿದರು. 1975ರಲ್ಲಿ ಅಮೆರಿಕದ ಅಲೆನ್‌ಟೌನಿನಲ್ಲಿ 'ಅಕ್ಕಿ ಬಟ್ಟಲು' ಅನ್ನೋ ಯೋಜನೆ ಶುರುವಾಯಿತು. ತಪಸ್ಸುಕಾಲದಲ್ಲಿ ಊಟದ ಮೇಜಿನ ಮೇಲೆ ಒಂದು ರಟ್ಟಿನ ಡಬ್ಬ, ಸರಳ ಊಟ ಮಾಡಿ ಉಳಿಸಿದ ದುಡ್ಡು ಅದರೊಳಗೆ. ಅದನ್ನು ಓದಿದಾಗ ನಗು ಬಂತು. ಅಜ್ಜಿಯ ಡಾಲ್ಡಾ ಡಬ್ಬ ಅಮೆರಿಕಕ್ಕೆ ಹೋದ ಹಾಗಿತ್ತು.

*

ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಡಬ್ಬ ಸಿಕ್ಕಿತು, ಅಮ್ಮ ಅದರಲ್ಲಿ ಹಳೇ ಮೊಳೆ, ಬೋಲ್ಟು ಹಾಕಿಟ್ಟಿದ್ದಳು. ಆ ಮೂರೂ ವರ್ಷ ನಾನು ತಪಸ್ಸುಕಾಲ ತಪ್ಪದೆ ಮಾಡಿದ್ದೇನೆ. ಶುಕ್ರವಾರ ಮಾಂಸ ಮುಟ್ಟಿಲ್ಲ, ಒಂದು ವರ್ಷ ಕಾಫಿ ಬಿಟ್ಟೆ, ಇನ್ನೊಂದು ವರ್ಷ ಮೊಬೈಲಿನಿಂದ ಒಂದೆರಡು ಆಪ್ ತೆಗೆದೆ. ನಿಯಮದ ಪ್ರಕಾರ ಎಲ್ಲಾ ಸರಿಯಾಗಿದೆ. ಊರಾಚೆಯ ಆ ಮನೆಗೆ ಮಾತ್ರ ಮೂರು ವರ್ಷದಿಂದ ಯಾರೂ ಹೋಗಿಲ್ಲ. ಮಕ್ಕಳು ದೊಡ್ಡವರಾಗಿ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಆಕೆ ಒಬ್ಬಳೇ ಇದ್ದಾಳೆ ಅಂತ ಅಮ್ಮ ಹೇಳಿದಳು. ಕೇಳಿ ಬಹಳ ನಾಚಿಕೆಯಾಯಿತು.

ಹಾಗಾಗಿ ಈ ವರ್ಷ ಡಬ್ಬವನ್ನು ತೊಳೆದು ರೂಮಿಗೆ ತಂದಿದ್ದೇನೆ. ಬುಧವಾರ, ಶುಕ್ರವಾರ ಒಪ್ಪತ್ತು. ರಾತ್ರಿಯ ಊಟಕ್ಕೆ ಎಷ್ಟಾಗುತ್ತಿತ್ತೋ ಅಷ್ಟನ್ನು ಆಗಲೇ ಡಬ್ಬಕ್ಕೆ ಹಾಕುವುದು. ಮೊದಲ ವಾರವೇ ಒಂದು ವಿಷಯ ಗೊತ್ತಾಯಿತು. ದುಡ್ಡು ಹಾಕುವಾಗ ನಾನು ಊಟದ ಬೆಲೆಯನ್ನು ಕಮ್ಮಿ ಮಾಡಿ ಲೆಕ್ಕ ಹಾಕುತ್ತಿದ್ದೆ! 'ಇವತ್ತು ಹೇಗೂ ಮೊಸರನ್ನ ತಿಂತಿದ್ದೆ' ಅಂತ. ಸಂದು ಹುಡುಕುವ ಸನ್ಯಾಸಿ ನನ್ನೊಳಗೂ ಇದ್ದಾನೆ :-) ಈಗ ಹಿಂದಿನ ದಿನ ಏನು ಖರ್ಚು ಮಾಡಿದ್ದೆನೋ ಅಷ್ಟನ್ನೇ ಹಾಕುವುದು ಅಂತ ನಿಯಮ ಮಾಡಿಕೊಂಡಿದ್ದೇನೆ. ಪವಿತ್ರ ವಾರಕ್ಕೆ ಊರಿಗೆ ಹೋಗುವಾಗ ಅದರಲ್ಲಿ ಅಕ್ಕಿ ಕೊಂಡು, ಕತ್ತಲಾದ ಮೇಲೆ, ದಾರಿ ನೆನಪಿದೆ.

ನಿಮ್ಮ ಮನೆಗಳಲ್ಲೂ ಏಕಾದಶಿ, ಶಿವರಾತ್ರಿ, ರಂಜಾನು, ಪರ್ಯೂಷಣ ಅಂತ ಉಪವಾಸ ಇದ್ದೇ ಇರುತ್ತದೆ. ಅಲ್ಲಿ ಉಣ್ಣದೆ ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು? ನಿಮ್ಮ ಅಜ್ಜಿಯರ ಡಬ್ಬಗಳ ಕಥೆ ಇದ್ದರೆ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.